ಸೊಸಿ ಕಥಿ ಬರೀಲಿಕ್ಕೆ ಕೂತರ ಭಕ್ರಿ ಯಾರ ಬಡೀಬೇಕು?

ನಮ್ಮ ಮನ್ಯಾಗ ಒಂದು ಕಥಿ ಹತ್ತೊಂಬತ್ತನೇ ಕಂತಿಗೆ ಬಂದು ನಿಂತು ಇವತ್ತಿಗೆ ಏಳು ವಾರ ಆತು. ಅದನ್ನ ನಿಲ್ಲಿಸಿದಾಕಿ ನಾನ. ಇದನ್ನ ಮೊದಲ ಹೇಳಿಬಿಡ್ತೇನಿ. ಕಡೀಕ ಹೇಳಿದರ 'ಅಯ್ಯ, ಅತ್ತಿ ತಾನ ನಿಲ್ಲಿಸಿ ಈಗ ತಾನ ಶಾಣ್ಯಾತನ ಮಾಡ್ಲಿಕತ್ತಾಳ' ಅಂತ ನೀವ ಅಂತೀರಿ.

ನಮ್ಮ ಸೊಸಿ ಬರೀತಾಳ ಅನ್ನೋದು ನಿಮ್ಮೊಳಗ ಭಾಳ ಮಂದಿಗೆ ಗೊತ್ತಿಲ್ಲ. ಮುಂಜಾನೆ ಒಂದು ಆಫೀಸಿನ ಲೆಕ್ಕಾಪತ್ರ ಮನ್ಯಾಗ ಕೂತು ಮಾಡ್ತಾಳ, ಹುಡುಗನ್ನ ಸಾಲಿಗೆ ಕಳಸ್ತಾಳ, ಊಟ ಆದ ಮ್ಯಾಲೆ ಎರಡರಿಂದ ನಾಲ್ಕರ ತನಕ ಫೋನ್ ಹಿಡಕೊಂಡು ಬರೀತಾಳ. ಅತ್ತಿ-ಸೊಸಿ ಕಥಿ ಅಲ್ಲ, ಲವ್ ಸ್ಟೋರಿನೂ ಅಲ್ಲ. 'ಹಿಂಗಾದರ ಹೆಂಗ' ಅನ್ನೋ ಕಥಿ. ಇಲ್ಲದ ಊರು, ಬರದ ಕಾಲ, ಅಂಥಾವು. ಅಕಿ ಕಥಿಯೊಳಗ ಒಂದು ಊರದ, ಅಲ್ಲೆ ಮಳಿ ರೇಶನ್ ಕಾರ್ಡಿನ ಮ್ಯಾಲೆ ಸಿಗ್ತದ. ಮನಿಗೆ ವರ್ಷಕ್ಕ ನಾಲ್ಕು ಮಳಿ. ಅಂಗಡಿಯವ ಡಬ್ಬಿಯೊಳಗ ತುಂಬಿ ಕೊಡ್ತಾನ, ಮನಿಗೆ ತಂದು ಮುಚ್ಚಳ ತಗದರ ನಿಮ್ಮ ಅಂಗಳದಾಗ ಅಷ್ಟ ಮಳಿ, ಬಾಜೂ ಮನಿಯವರಿಗೆ ಒಂದು ಹನಿ ಇಲ್ಲ. ಆ ಊರಾಗ ಒಬ್ಬಾಕಿ ಮುದುಕಿ ಎರಡು ಮಳಿ ಉಳಿಸಿ ಟ್ರಂಕಿನಾಗ ಬಚ್ಚಿಟ್ಟಾಳ, ಮಗಳು ಬಾಣಂತನಕ್ಕ ಬಂದಾಗ ತಗದರಾತು ಅಂತ. ಹತ್ತೊಂಬತ್ತನೇ ಕಂತಿನ ಕಡೀಕ ಮುದುಕಿ ನಸಿಕಿನಾಗ ಎದ್ದು ನೋಡ್ತಾಳ, ಟ್ರಂಕಿನ ಕೆಳಗ ನೆಲಾ ಹಸಿ ಆಗ್ಯದ.

ಅಷ್ಟಕ್ಕ ನಿಂತದ ನೋಡ್ರಿ.

ನಳಾ ಯಾವಾಗ ಬರ್ತದ ಅಂತ ರಾತ್ರಿ ಎದ್ದೆದ್ದು ನೋಡೋ ಹೆಣ್ಣಮಕ್ಕಳಿಗೆ ಈ ಕಥಿ ತಿಳಿಯೂದಿಲ್ಲೇನು? ನಂಗಂತೂ ಮೊದಲನೇ ಕಂತಿಗೇ ತಿಳೀತು. ಆ ಮುದುಕಿ ನಾನ ಅನ್ನೋದೂ ತಿಳೀತು, ಅದಿರ್ಲಿ.

ಇನ್ನ ನಿಂತದ್ದು ಹೆಂಗ ಅಂದರ, ನವರಾತ್ರಿಯೊಳಗ ಅರಿಶಿಣ-ಕುಂಕುಮಕ್ಕ ನಾಲ್ಕು ಮಂದಿ ಬಂದಿದ್ರು. ಒಬ್ಬ ಕಾಕು ಕೇಳಿದ್ರು, 'ಸೊಸಿ ಏನ್ ಮಾಡ್ತಾಳರಿ ವೈನಿ ದಿನಾ?' ನಾ ಅಂದೆ, 'ಏನಿಲ್ರಿ, ಮಧ್ಯಾಹ್ನ ಖಾಲಿ ಕೂತಿರ್ತಾಳ, ಫೋನ್ ಒತ್ತಕೋತ.' ಅಂದು ಹೊಳ್ಳಿ ನೋಡ್ತೇನಿ, ಉಸಳಿ ತಾಟು ಹಿಡಕೊಂಡು ಅಕಿ ಬಾಗಲದಾಗ ನಿಂತಿದ್ಲು. ಒಂದು ಮಾತು ಆಡಲಿಲ್ಲ. ಎಲ್ಲಾರಿಗೂ ಉಸಳಿ ಹಾಕಿದ್ಲು, ನಂಗೂ ಹಾಕಿದ್ಲು.

ಮುಂದ ಮೂರು ವಾರ ಆದರೂ ಇಪ್ಪತ್ತನೇ ಕಂತು ಬರಲಿಲ್ಲ. ತಡೀಲಾರದ ಕೇಳಿದೆ, 'ಯಾಕವಾ, ಮುಂದಿಂದು ಬರೀಲಿಲ್ಲಲಾ?' ಅಕಿ ಹಪ್ಪಳ ಒಣಗಲಿಕ್ಕೆ ಹಾಕ್ಕೋತ ಅಂದ್ಲು, 'ಈಗ ಖಾಲಿ ಇರೂದಿಲ್ಲ ಅತ್ಯಾ.'

ಆ ದಿವಸ ಸಂಜಿಮುಂದ ಮಗನ ಮುಂದ ಹೇಳಿದೆ. ಅಂವ ನನ್ನ ಸಮಾಧಾನ ಮಾಡ್ಲಿಕ್ಕೆ ಆಂಡಿ ವಿಯರ್ ಅನ್ನೋ ಅಮೆರಿಕಾದವನ ಹೆಸರು ತಗದ. 'ಅವ್ವಾ, ನೀ ಚಿಂತಿ ಮಾಡಬ್ಯಾಡ. ಇಂಥಾ ಕಥಿಗೆ ಈಗ ಭಾಳ ಕಿಮ್ಮತ್ತದ. ಅಂವ ಮನ್ಯಾಗ ಕೂತು ಒಂದು ಪುಸ್ತಕ ಬರದ, ಸಿನಿಮಾ ಆತು, ಕೋಟಿಗಟ್ಟಲೆ ರೊಕ್ಕಾ ಬಂತು' ಅಂದ. ಸಿನಿಮಾನೂ ತೋರಿಸಿದ, 'ದಿ ಮಾರ್ಷಿಯನ್' ಅಂತ. ಅಗದಿ ಛಲೋ ಅದ, ನೀವೂ ನೋಡ್ರಿ. ಮಂಗಳ ಗ್ರಹಕ್ಕ ಹೋದ ಮಂದಿಯೊಳಗ ಒಬ್ಬವ ಸತ್ತ ಅಂತ ತಿಳಕೊಂಡು ಉಳದವರು ಬಿಟ್ಟು ಹೋಗಿಬಿಡ್ತಾರ. ಇಂವ ಸತ್ತಿರೂದಿಲ್ಲ. ಒಬ್ಬನ, ತಿನ್ನೋ ಸಾಮಾನು ಅಳತಿದು. ಹಬ್ಬದ ಅಡಗಿಗೆ ಅಂತ ಕಳಿಸಿದ್ದ ಹಸಿ ಬಟಾಟಿ ಇರ್ತಾವ, ಅವನ್ನ ಹೋಳು ಮಾಡಿ ಮನಿಯೊಳಗ ಮಣ್ಣು ಹಾಸಿ ನೆಡ್ತಾನ. ಗೊಬ್ಬರಾ ಏನು ಹಾಕಿದ ಅಂತ ಬರಿಯೂದಿಲ್ಲ, ನೀವು ಊಟಾ ಮಾಡ್ಕೋತ ಓದ್ತಿರಬಹುದು. ನೀರು ಬೇಕಲ್ಲ, ರಾಕೆಟ್ಟಿನ ಇಂಧನ ಒಡದು, ಅದರಾಗಿನ ಹೈಡ್ರೋಜನ್ ಸುಟ್ಟು ನೀರು ಮಾಡ್ತಾನ. ಒಮ್ಮೆ ಢಮ್ ಅಂತದ. ಬಟಾಟಿ ಎಣಿಸೋದು, ಎಷ್ಟು ದಿನಕ್ಕ ಎಷ್ಟು ಅಂತ ಲೆಕ್ಕಾ ಹಾಕೋದು, ತಿಂಗಳ ಕಡಿ ವಾರ ನಾವು ಗೋದಿ ಹಿಟ್ಟಿನ ಡಬ್ಬಿ ನೋಡಿದಂಗ ನೋಡ್ತಾನ. ಅಡಗಿ ಮನಿ ನಡಸಿದವರಿಗೆ ಈ ಸಿನಿಮಾ ಗಂಡಸರಿಗಿಂತಾ ಛಲೋ ತಿಳೀತದ ಅಂತ ನನ್ನ ಅಭಿಪ್ರಾಯ.

ಆದರ ಮಗ ಹೇಳಿದ ಲೆಕ್ಕಾ ನಂಗ ಬರೋಬ್ಬರಿ ಅನಸಲಿಲ್ಲ. ಬರದ, ರೊಕ್ಕಾ ಬಂತು, ಇಷ್ಟ ಏನು ಕಥಿ? ನಡುವ ಏನಾತು ಅಂತ ಕೆದಕಿ ಕೆದಕಿ ಕೇಳಿದೆ, ಮೊಮ್ಮಗನ ಟ್ಯಾಬಿನಾಗ ಓದಿಸಿಕೊಂಡೆ.

ನಡುವ ಆದದ್ದು ಇಷ್ಟು. ಈ ವಿಯರ್ ಕಂಪ್ಯೂಟರ್ ಪ್ರೋಗ್ರಾಮ್ ಬರಿಯೋ ನೌಕರಿಯವ. 1999ರ ಸುಮಾರಿಗೆ ಕೆಲಸಾ ಹೋತು, ಕೈಯಾಗ ಕಂಪನಿ ಶೇರು ಮಾರಿದ ರೊಕ್ಕಾ ಇತ್ತು. ಮೂರು ವರ್ಷ ಬರಿಯೋದ ಮಾಡಿದ. ಒಬ್ಬರೂ ಪುಸ್ತಕ ತಗೊಳ್ಳಲಿಲ್ಲ. ಸುಮ್ನ ನೌಕರಿಗೆ ಹೊಳ್ಳಿ ಹೋದ. ಆದರ ಬರಿಯೋದು ಬಿಡಲಿಲ್ಲ. ತನ್ನ ಸ್ವಂತ ವೆಬ್‌ಸೈಟಿನಾಗ ಸಣ್ಣ ಸಣ್ಣ ಕಥಿ, ಚಿತ್ರದ ಕಥಿ ಹಾಕ್ಕೋತ ಹೋದ. ಹತ್ತು ವರ್ಷಕ್ಕ ಸುಮಾರು 3,000 ಮಂದಿ ಓದೋವರು ಕೂಡಿದ್ರು. ಹತ್ತು ವರ್ಷಕ್ಕ ಮೂರು ಸಾವಿರ! ನಮ್ಮ ಕಡೆ ಒಂದು ಮದವಿಗೆ ಅಷ್ಟು ಮಂದಿ ಉಂಡು ಹೋಗ್ತಾರ. 2009ರಿಂದ ಮಂಗಳದ ಈ ಕಥಿ ಒಂದೊಂದ ಅಧ್ಯಾಯ ಹಾಕಲಿಕ್ಕೆ ಹತ್ತಿದ, ಫುಕಟ. ನಮ್ಮ ಕಾಲದಾಗ ವಾರಪತ್ರಿಕಿ ಧಾರಾವಾಹಿ ಹೆಂಗ ಬರ್ತಿದ್ವು, ಹಂಗ. ನಮ್ಮವ್ವ ಪೇಪರಿನವನ ದಾರಿ ಕಾಯ್ತಿದ್ಲು, ಅಮೆರಿಕಾದ ಮಂದಿ ಇವನ ಅಧ್ಯಾಯದ ದಾರಿ ಕಾದ್ರು.

ಇದರಾಗ ನಂಗ ಭಾಳ ಸೇರಿದ್ದು ಆ ಓದೋ ಮಂದಿ ಮಾಡಿದ್ದು. ಅವರೊಳಗ ರಸಾಯನಶಾಸ್ತ್ರ ಬಲ್ಲವರು, ಇಂಜಿನಿಯರು, ಎಲ್ಲಾ ಥರದವರೂ ಇದ್ರು. ಇಲ್ಲೆ ನಿನ್ನ ಲೆಕ್ಕಾ ತಪ್ಪ್ಯದ ಅಂತ ಬರದು ಕಳಸ್ತಿದ್ರು, ಇಂವ ತಿದ್ದಿ ಹಾಕ್ತಿದ್ದ. ಗ್ರಹದಿಂದ ಗ್ರಹಕ್ಕ ಹೋಗೋ ದಾರಿ ಎಷ್ಟು ದಿನದ್ದು ಅಂತ ನೋಡ್ಲಿಕ್ಕೆ ತಾನ ಒಂದು ಪ್ರೋಗ್ರಾಮ್ ಬರಕೊಂಡಿದ್ದ. ಆದರೂ ಶುರುವಿನಾಗ ಬರೋ ಧೂಳಿನ ಬಿರುಗಾಳಿ ಸುಳ್ಳು. ಮಂಗಳದ ಮ್ಯಾಲೆ ಗಾಳಿ ನಮ್ಮ ಭೂಮಿಯ ನೂರರಾಗ ಒಂದು ಪಾಲೂ ಇಲ್ಲ, ಅದು ಮನುಷ್ಯಾನ್ನ ಹೊತ್ತು ಒಗಿಯೂದಿಲ್ಲ. ಅದು ಅವಂಗೂ ಗೊತ್ತಿತ್ತು, ಬೇಕಂತ ಇಟ್ಟ. ಇರ್ಲಿ ಬಿಡ್ರಿ, ಗಾಳಿ ಬಿಡದಿದ್ದರ ಅಂವ ಅಲ್ಲೆ ಉಳಿಯೋದು ಹೆಂಗ?

ನಾನೂ ಒಂದು ತಪ್ಪು ತಿದ್ದೇನಿ. ಏಳನೇ ಕಂತಿನಾಗ ನಮ್ಮ ಸೊಸಿ ಮಳಿಯೊಳಗ ತೊಯ್ದ ಕುಳ್ಳು ಹಚ್ಚಿ ಮುದುಕಿ ಕಡೆ ಚಹಾ ಮಾಡಿಸಿದ್ಲು. ತೊಯ್ದ ಕುಳ್ಳು ಹೆಂಗ ಹತ್ತತದವಾ, ಹೊಗಿ ಅಷ್ಟ ಆಗ್ತದ ಅಂತ ಹೇಳಿದೆ. ಅಕಿ ನಕ್ಕು, ಆವತ್ತ ರಾತ್ರಿ ತಿದ್ದಿದ್ಲು. ಇಡೀ ಪ್ರಕರಣದಾಗ ನಾ ಮಾಡಿದ ಛಲೋ ಕೆಲಸ ಅದೊಂದ.

ಹಂ, ವಿಯರ್‌ಂದು ಮುಗಸ್ತೇನಿ. ಓದೋವರು, ನಮಗ ಓದೋ ಮಶಿನ್ನಿನಾಗ ಬರೋ ಹಂಗ ಮಾಡಿಕೊಡು ಅಂತ ಗಂಟು ಬಿದ್ರು. ಅಮೆಜಾನ್ ಕಿಂಡಲ್‌ನಾಗ ಹಾಕಿದ. ಫುಕಟ ಕೊಡ್ಲಿಕ್ಕೆ ಬರ್ತಿದ್ದಿಲ್ಲ, ಅಗದಿ ಕಡಿಮಿ ಕಿಮ್ಮತ್ತು 99 ಸೆಂಟು, ಅದನ್ನ ಇಟ್ಟ. ಮೂರು ತಿಂಗಳದಾಗ 35,000 ಪ್ರತಿ ಹೋದ್ವು. ಆ ಕಿಮ್ಮತ್ತಿನ ಪುಸ್ತಕಕ್ಕ ಬರದವನ ಪಾಲು ನೂರಕ್ಕ 35. ಅಂದರ ಒಂದು ಪ್ರತಿಗೆ 35 ಸೆಂಟು, ಒಟ್ಟು ಹನ್ನೆರಡು ಸಾವಿರ ಡಾಲರಿನ ಮ್ಯಾಲೆ ಸ್ವಲ್ಪ. ಇದು ಕೋಟಿ ಅಲ್ಲ, ವರ್ಷಗಟ್ಟಲೆ ಬರದದ್ದಕ್ಕ ಅಮೆರಿಕಾದಾಗ ಪಗಾರನೂ ಅಲ್ಲ. ಆಮ್ಯಾಲೆ 2013ರಾಗ ಮೊದಲು ಕೇಳೋ ಪುಸ್ತಕದ ಕಂಪನಿ ಬಂತು, ಹಿಂದ ದೊಡ್ಡ ಪ್ರಕಾಶಕರು ಬಂದ್ರು, ಅದ ವಾರದಾಗ ಸಿನಿಮಾದವರೂ ಬಂದ್ರು. 2014ಕ್ಕ ಅಚ್ಚಿನ ಪುಸ್ತಕ, 2015ಕ್ಕ ಸಿನಿಮಾ. ನಮ್ಮ ಮಗಗ ಈ ಕಡಿದು ಮೂರು ಸಾಲು ಅಷ್ಟ ನೆನಪದ.

ಅಲ್ರಿ, ನೌಕರಿ ಮಾಡಿಕೊಂಡು ಒಬ್ಬ ಗಂಡಸು ಸಂಜಿಮುಂದ ಕೋಣಿ ಬಾಗಲಾ ಹಾಕ್ಕೊಂಡು ಕೂತರ 'ಅಂವ ಏನೋ ದೊಡ್ಡದ್ದು ಮಾಡ್ಲಿಕತ್ತಾನ, ಗದ್ಲಾ ಮಾಡಬ್ಯಾಡ್ರಿ' ಅಂತೀವಿ. ಅದ ಸೊಸಿ ಕೂತರ? ನಾನ ಹೇಳೇನಲ್ಲ ಮ್ಯಾಲೆ, ಏನ್ ಅಂದೆ ಅಂತ.

ಅದಕ್ಕ ಹೆಣ್ಣಮಗಳೊಬ್ಬಾಕಿದು ಹುಡುಕಸಿದೆ. ಬೆಕಿ ಚೇಂಬರ್ಸ್ ಅಂತ, ಇಕಿನೂ ಅಮೆರಿಕಾದಾಕಿ, 1985ರಾಗ ಕ್ಯಾಲಿಫೋರ್ನಿಯಾದಾಗ ಹುಟ್ಟಿದಾಕಿ. ಅವ್ವ ಬ್ಯಾರೆ ಗ್ರಹದ ಮ್ಯಾಲೆ ಜೀವ ಇರಬಹುದೇನು ಅನ್ನೋ ವಿಷಯ ಕಲಸೋವಳು, ಅಪ್ಪ ಉಪಗ್ರಹದ ಇಂಜಿನಿಯರ್. ಇಕಿ ಕಲತದ್ದು ನಾಟಕ. ಆಮ್ಯಾಲೆ ಅವರಿವರಿಗೆ ಬರದು ಕೊಟ್ಟು ಹೊಟ್ಟಿ ಹೊರಕೋತಿದ್ಲು. ಕೆಲಸಾ ಇದ್ದರ ರೊಕ್ಕಾ, ಇಲ್ಲಂದರ ಇಲ್ಲ. ಅದರ ನಡುವ ತನ್ನ ಕಾದಂಬರಿ. ಕಾದಂಬರಿ ಮುಗಿದಿದ್ದಿಲ್ಲ, ಅಷ್ಟರಾಗ ಹೊರಗಿನ ಕೆಲಸ ಬರೋದು ನಿಂತಿತು. ಇದನ್ನ ಮುಗಸಬೇಕೋ, ಇಲ್ಲಾ ಬದಿಗಿಟ್ಟು ಬ್ಯಾರೆ ಕೆಲಸಾ ಹುಡುಕಬೇಕೋ ಅನ್ನೋ ಪ್ರಸಂಗ.

ಅಕಿ 2012ರಾಗ ಏನು ಮಾಡಿದ್ಲು ಅಂದರ, ಕಿಕ್‌ಸ್ಟಾರ್ಟರ್ ಅಂತ ಒಂದು ಜಾಗಾ ಅದ, ನಾಲ್ಕು ಮಂದಿ ಸೇರಿ ಪಟ್ಟಿ ಎತ್ತೋ ಹಂಗ, ಅಲ್ಲೆ ಹೋಗಿ ಕೇಳಿದ್ಲು. ನಂಗ ಈ ಪುಸ್ತಕ ಮುಗಸಲಿಕ್ಕೆ ಹೊತ್ತು ಬೇಕಾಗ್ಯದ, ಆ ಹೊತ್ತಿಗೆ ಆಗೋವಷ್ಟು ರೊಕ್ಕಾ ಕೊಡ್ರಿ ಅಂತ. ಪುಸ್ತಕ ಇನ್ನೂ ಇಲ್ಲ, ಹೆಸರೂ ಯಾರಿಗೂ ಗೊತ್ತಿಲ್ಲ. ಮಂದಿ ಕೊಟ್ರು. ಅಕಿ ಕೂತು ಮುಗಸಿದ್ಲು. 2014ರಾಗ ತಾನ ಪ್ರಕಟ ಮಾಡಿದ್ಲು, ಮರು ವರ್ಷ ಬ್ರಿಟನ್ನಿನ ದೊಡ್ಡ ಪ್ರಕಾಶಕರು ತಗೊಂಡ್ರು. 2016ರಾಗ ಅಲ್ಲೆ ಹೆಣ್ಣಮಕ್ಕಳ ಕಾದಂಬರಿಗೆ ಅಂತ ಕೊಡೋ ಬೇಲೀಸ್ ಪ್ರಶಸ್ತಿಯ ಮೊದಲ ಪಟ್ಟಿಯೊಳಗ ಬಂತು, ರಾಕೆಟ್ಟಿನ ಕಥಿ! ಆ ಮಾಲಿಕಿಗೆ 2019ರಾಗ ಹ್ಯೂಗೋ ಪ್ರಶಸ್ತಿ ಸಿಕ್ಕಿತು, ಇಂಥಾ ಕಥಿ ಬರಿಯೋವರಿಗೆ ಭಾಳ ದೊಡ್ಡದು ಅದು.

ರಾಕೆಟ್ಟಿನ ಕಥಿ ಅಂದೆ, ಆದರ ಅದು ಸಂಸಾರದ ಕಥಿನ. ಆಕಾಶದಾಗ ಸುರಂಗ ಕೊರಿಯೋ ಹಳೇ ಹಡಗು. ಒಂಬತ್ತ ಮಂದಿ ಇರಬಹುದು, ಅವರೊಳಗ ಬ್ಯಾರೆ ಬ್ಯಾರೆ ಜಾತಿಯವರು. ಜಾತಿ ಅಂದರ ನಮ್ಮ ಥರದ್ದಲ್ಲ, ಒಬ್ಬಾಕಿಗೆ ಪುಕ್ಕ, ಒಬ್ಬಗ ಆರು ಕೈ-ಕಾಲು. ಆ ಆರು ಕೈ-ಕಾಲಿನವ ಹಡಗಿಗೆ ಅಡಗಿಯವನೂ ಹೌದು, ಡಾಕ್ಟರೂ ಹೌದು. ನಮ್ಮ ಅಜ್ಜಿ ನೆನಪಾದ್ಲು, ಸಾರಿನ ಸೌಟು ಹಿಡಿದ ಕೈಯಲೇ ಕಷಾಯ ಕಾಸಾಕಿ. ಹೊಸದಾಗಿ ಒಬ್ಬಾಕಿ ಹುಡುಗಿ ಲೆಕ್ಕಾ ಬರೀಲಿಕ್ಕೆ ಆ ಹಡಗಿಗೆ ಬರ್ತಾಳ, ಹೊಸಾ ಸೊಸಿ ಮನಿ ಹೊಸ್ತಲಾ ದಾಟಿದಂಗ, ಯಾರ ಕೂಡ ಹೆಂಗ ಮಾತಾಡಬೇಕು, ಯಾರು ಏನು ತಿಂತಾರ ಅಂತ ಹೆದರಕೋತ. ಇನ್ನೊಂದು ಸಣ್ಣ ಪುಸ್ತಕ ಅದ ಅಕಿದು, ಅದರಾಗ ಒಬ್ಬರು ಸನ್ಯಾಸಿ ಗಾಡಿ ತುಳಕೋತ ಊರೂರು ಹೋಗಿ ಬಂದವರಿಗೆ ಚಹಾ ಮಾಡಿಕೊಟ್ಟು ಅವರ ದುಃಖಾ ಕೇಳ್ತಾರ. ಅಷ್ಟ ಅವರ ದಗದ. ಇದನ್ನ ಕೇಳಿದಾಗ ನಂಗ ಸಿಟ್ಟ ಬಂತು. ನಾವು ನಲವತ್ತು ವರ್ಷ ಅದನ್ನ ಮಾಡ್ಕೋತ ಬಂದೀವಿ, ನಮ್ಮನ್ನ ಯಾರೂ ಸನ್ಯಾಸಿ ಅನ್ನಲಿಲ್ಲ.

ಈ ಪ್ರಶಸ್ತಿ, ಸಿನಿಮಾ ಎಲ್ಲಾ ಪೇಪರಿನಾಗ ಬರ್ತಾವ ಅಂತ ನಾವು ಮಾತಾಡ್ತೀವಿ. ತಾನ ಬರದು ತಾನ ಪ್ರಕಟ ಮಾಡೋವರೊಳಗ ಹೆಚ್ಚಿನವರಿಗೆ ಹಿಂಗೇನೂ ಆಗೂದಿಲ್ಲ, ಅವರ ಬಗ್ಗೆ ಪೇಪರಿನಾಗ ಬರೂದೂ ಇಲ್ಲ. ಅವರಿಬ್ಬರು ಬರದದ್ದು ಇಂಗ್ಲಿಷಿನಾಗ, ಜಗತ್ತ ತುಂಬ ಓದ್ತದ. ನಮ್ಮಾಕಿ ಬರಿಯೋದು ಕನ್ನಡದಾಗ, ಅದೂ ಧಾರವಾಡದ ಕನ್ನಡದಾಗ. ಅಕಿಗೆ ಸಿನಿಮಾ ಬರ್ತದ ಅಂತ ನಾ ಹೇಳಲಿಕತ್ತಿಲ್ಲ. ಬರಲಾರದಿದ್ದರೂ ಅದು ಕೆಲಸ ಹೌದೋ ಅಲ್ಲೋ ಅನ್ನೋದು ನನ್ನ ಪ್ರಶ್ನಿ.

ಅದ ಎಷ್ಟು ಕೆಲಸ ಅಂತ ನೋಡ್ರಿ. ಪ್ರಕಾಶಕರು ಇದ್ದರ ಬರದು ಕೊಟ್ಟರಾತು, ತಿದ್ದೋವರು ಬ್ಯಾರೆ, ಮುಖಪುಟದವರು ಬ್ಯಾರೆ, ಮಾರೋವರು ಬ್ಯಾರೆ. ಇವರದು ಹಂಗಲ್ಲ. ಬರದಾಕಿನ ತಿದ್ದಬೇಕು, ಅಕ್ಷರಾ ಜೋಡಿಸಬೇಕು, ಮುಖಪುಟಕ್ಕ ಯಾರನ್ನರ ಹಿಡೀಬೇಕು, ಅವರಿಗೆ ರೊಕ್ಕಾ ಕೊಡಬೇಕು, ಪುಸ್ತಕಕ್ಕ ಐಎಸ್‌ಬಿಎನ್ ನಂಬರ್ ತಗೋಬೇಕು (ನಮ್ಮ ದೇಶದಾಗ ಅದನ್ನ ಸರ್ಕಾರ ಫುಕಟ ಕೊಡ್ತದ, ಅಮೆರಿಕಾದಾಗ ಕೊಂಡ ತಗೋಬೇಕು, ಇದೊಂದರಾಗ ನಾವು ಮುಂದ ಇದ್ದೀವಿ), ಕಿಮ್ಮತ್ತು ಇಡಬೇಕು, ಮತ್ತ ನಾಚಿಕಿ ಬಿಟ್ಟು ಕಂಡಕಂಡವರಿಗೆ 'ಓದ್ರಿ' ಅನ್ನಬೇಕು. ಕಡಿದು ನಮ್ಮಾಕಿಗೆ ಆಗೂದ ಇಲ್ಲ. ಮದವಿ ಮನ್ಯಾಗ ಯಾರರ ಕೇಳಿದರ ಮಾರಿ ಕೆಳಗ ಹಾಕ್ತಾಳ.

ಇದೇನು ಹೊಸಾ ಹುಚ್ಚು ಅಂತ ಅನಬ್ಯಾಡ್ರಿ. ನಮ್ಮ ಹಾವೇರಿ ಕಡೆ ಗಳಗನಾಥರು ಕಾದಂಬರಿ ಬರದು, ತಾವ ಪುಸ್ತಕದ ಗಂಟು ಹೊತ್ತುಕೊಂಡು ಊರೂರು ತಿರುಗಿ ಮಾರಿದ್ರು. ನಮ್ಮ ಅಜ್ಜ ಆ ಮಾತು ಹೇಳೋವಾಗೆಲ್ಲಾ ಕೈ ಮುಗೀತಿದ್ದ. ಅತ್ತಾಗ ನಂಜನಗೂಡಿನ ತಿರುಮಲಾಂಬಾ, ಸಣ್ಣ ವಯಸ್ಸಿನಾಗ ಗಂಡನ್ನ ಕಳಕೊಂಡಾಕಿ, ನೂರು ವರ್ಷದ ಹಿಂದ 'ಸತೀಹಿತೈಷಿಣಿ' ಅಂತ ಮಾಲಿಕಿ ತಗದು ತಂದೂ ಪ್ರಕಟ ಮಾಡಿದ್ಲು, ಬ್ಯಾರೆ ಹೆಣ್ಣಮಕ್ಕಳದೂ ಪ್ರಕಟ ಮಾಡಿದ್ಲು. ಅವರು ಬರದದ್ದು ರಾಕೆಟ್ ಕಥಿ ಅಲ್ಲ, ಖರೇ. ಆದರ ತಾನ ಬರದು ತಾನ ಹೊತ್ತು ಮಾರೋದು ನಮ್ಮ ಮಂದಿಗೆ ಗೊತ್ತಿಲ್ಲದ ದಗದ ಅಲ್ಲ. ಗಳಗನಾಥರಿಗೆ ಕೈ ಮುಗದ ಮನಿತನದಾಗ ಸೊಸಿಗೆ 'ಖಾಲಿ ಕೂತಿರ್ತಾಳ' ಅಂದವಳು ನಾನ.

ಇನ್ನ ನಿಮ್ಮ ಮ್ಯಾಲೆ ಬರ್ತೇನಿ, ಬ್ಯಾಸರಾ ಮಾಡ್ಕೋಬ್ಯಾಡ್ರಿ.

ಹ್ವಾದ ವರ್ಷ ಅಕಿ ಮೊದಲನೇ ಹತ್ತು ಕಥಿ ಕೂಡಿಸಿ ಒಂದು ಸಣ್ಣ ಪುಸ್ತಕ ಮಾಡಿದ್ಲು, ಫೋನಿನಾಗ ಓದೋವಂಥಾದ್ದು, ಅರವತ್ತು ರೂಪಾಯಿ. ನಮ್ಮ ಬೀಗರು, ನೆಗೆಣ್ಣಿ, ನಾದಿನಿ, ಓಣಿ ಮಂದಿ ಸೇರಿ ಎಷ್ಟು ಮಂದಿ ಅಭಿನಂದನಾ ಅಂತ ಹೂವಿನ ಚಿತ್ರಾ ಕಳಿಸಿದ್ರಿ! ಆಮ್ಯಾಲೆ ಹೆಚ್ಚುಕಡಿಮಿ ಎಲ್ಲಾರೂ ಕೇಳಿದ್ದು ಒಂದ ಮಾತು, 'ನಂಗೊಂದು ಹಂಗ ಕಳಿಸಿಬಿಡವಾ.' ನಾನೂ ಹಂಗ ಓದಿದೆ, ಸುಳ್ಳ್ಯಾಕ ಹೇಳ್ಲಿ. ಸೀರಿಗೆ ಫಾಲ್ ಹಚ್ಚಾಕಿಗೆ ರೊಕ್ಕಾ ಕೊಡ್ತೀವಿ. ಮೆಹಂದಿ ಹಾಕೋ ಹುಡುಗಿಗೆ ಒಂದು ಕೈಗೆ ಇಷ್ಟು ಅಂತ ಕೊಡ್ತೀವಿ. ಮನಿ ಹುಡುಗಿ ಶೇಂಗಾ ಹೋಳಿಗಿ ಮಾಡಿ ಮಾರಿದರ ಡಜನ್ನಿನ ಲೆಕ್ಕಾ ಕೊಟ್ಟ ತಗೋತೀವಿ, ಹಿಟ್ಟು-ಬೆಲ್ಲಕ್ಕ ಖರ್ಚು ಆಗ್ಯದ ಅಂತ. ಕಥಿಗೆ ಹಿಟ್ಟು-ಬೆಲ್ಲ ಇಲ್ಲ ಅಂತ ತಿಳಕೊಂಡೀವಿ. ಅಕಿ ಆ ಹತ್ತು ಕಥಿಗೆ ಹದಿನಾಲ್ಕು ತಿಂಗಳ ಮಧ್ಯಾಹ್ನದ ನಿದ್ದಿ ಹಾಕ್ಯಾಳ. ಮುಖಪುಟ ಮಾಡಿದ ಹುಡುಗಗ ಎರಡೂವರಿ ಸಾವಿರ ತನ್ನ ಪಗಾರದಾಗಿಂದ ಕೊಟ್ಟಾಳ. ಅದನ್ನ ನಾ ಮೊನ್ನೆ ಮಗನ ಕಡೆಯಿಂದ ತಿಳಕೊಂಡೆ.

ಒಬ್ಬ ಮೌಶಿ ನಂಗ ಅಂದ್ರು, 'ರೊಕ್ಕಾ ಕೇಳಿದರ ಮನಿಯವರು ಅಂತ ಅನ್ನೋದ್ಯಾಕ?' ಅವರ ಮಾತಿನಾಗೂ ಸ್ವಲ್ಪ ಖರೇ ಅದ, ಮನಿಯೊಳಗ ಎಲ್ಲಾದಕ್ಕೂ ದರ ಹಚ್ಚಲಿಕ್ಕೆ ಬರೂದಿಲ್ಲ. ನಾ ಮಾಡಿದ ಉಪ್ಪಿನಕಾಯಿ ನಾಲ್ಕು ಮನಿಗೆ ಹಂಗ ಹೋಗ್ತದ. ಆದರ ಉಪ್ಪಿನಕಾಯಿ ಕೊಟ್ಟ ಭರಣಿ ಖಾಲಿ ಹೊಳ್ಳಿ ಬರೂದಿಲ್ಲ, ನಾಲ್ಕು ನಿಂಬಿಹಣ್ಣರ ಹಾಕಿ ಕಳಸ್ತೀರಿ. ರೊಕ್ಕಾ ಕೊಡೋದು ಭಿಡೆ ಅನಸಿದರ, ಓದಿದವರು ಎರಡು ಸಾಲು ಬರದು ಹೇಳ್ರಿ. ಛಲೋ ಅದ ಅಂತ ಅಲ್ಲ, ಏನು ಛಲೋ ಅದ, ಎಲ್ಲೆ ನಂಬಲಿಕ್ಕೆ ಆಗಲಿಲ್ಲ, ಅದನ್ನ. ಕುಳ್ಳು ತೊಯ್ದಿದ್ದರ ತೊಯ್ದದ ಅನ್ನರಿ.

ಹೊತ್ತಿನ ಮಾತು ಮಾತ್ರ ಮನಿಯವರ ಕೈಯಾಗಿಂದ. ಆ ಚೇಂಬರ್ಸ್ ಪುಸ್ತಕದ ಸಲುವಾಗಿ ರೊಕ್ಕಾ ಕೇಳಲಿಲ್ಲ, ಹೊತ್ತಿನ ಸಲುವಾಗಿ ಕೇಳಿದ್ಲು. ಅಕಿಗೆ ಗುರ್ತಾ ಇಲ್ಲದ ಮಂದಿ ಕೊಟ್ರು. ನಮ್ಮ ಸೊಸಿ ಯಾರ ಕಡೆನೂ ಕೇಳಿದ್ದಿಲ್ಲ, ತನ್ನ ನಿದ್ದಿಯೊಳಗಿಂದ ತಾನ ಕಡಕೊಂಡಿದ್ಲು. ಅದರಾಗೂ ನಾ ಕಡಿಯಾಕಿ. ನೆನಪ ಮಾಡ್ಕೊಂಡರ ನನಗ ಅಸಹ್ಯ ಆಗ್ತದ. ಎರಡಕ್ಕ ಕೂತಾಳಂದರ ಎರಡೂ ಹತ್ತಕ್ಕ 'ಬಟ್ಟಿ ತಗದೀಯೇನವಾ?' ಎರಡೂವರಿಗೆ 'ಗ್ಯಾಸಿನವ ಬರ್ತಾನಂತ, ಸ್ವಲ್ಪ ನೋಡು.' ಮೂರಕ್ಕ ಚಹಾ. ಮೂರೂವರಿಗೆ 'ಸಂಜಿಗೆ ಏನ್ ಮಾಡೋಣು?' ಒಂದೊಂದಕ್ಕೂ ಅಕಿ ಎದ್ದು ಬರ್ತಿದ್ಲು. ಒಂದು ಸಲಾನೂ 'ತಡೀರಿ' ಅನ್ನಲಿಲ್ಲ. ಅಂದಿದ್ದರ ನಾ ಬ್ಯಾರೆ ನಮೂನಿ ಮಾರಿ ಮಾಡ್ತಿದ್ದೆ, ಅದು ಅಕಿಗೆ ಗೊತ್ತಿತ್ತು. ಹಂಗಾಗಿ ಎರಡು ತಾಸಿನಾಗ ಅಕಿಗೆ ಸಿಗ್ತಿದ್ದದ್ದು ಅರ್ಧಾ ತಾಸು, ಅದೂ ಚೂರು ಚೂರು. ಆ ಚೂರಿನಾಗ ಡಬ್ಬಿಯೊಳಗ ಮಳಿ ತುಂಬಿದ್ಲು ನೋಡ್ರಿ ಅಕಿ. ನಂಗ ಯಾರರ ಹಿಂಗ ಕರಕೋತ ಇದ್ದರ ಚಪಾತಿ ಹಿಟ್ಟು ಸೈತ ಹದಾ ಆಗೂದಿಲ್ಲ.

ನಿಮ್ಮೊಳಗ ಕೆಲವರು ಅಂತೀರಿ, ಹುಡುಗನ್ನ ಬಿಟ್ಟು, ಮನಿ ಬಿಟ್ಟು ಇಲ್ಲದ ಊರಿನ ಉಸಾಬರಿ ಯಾಕ, ಇದ್ದ ಊರಿನ ಕಥಿ ಬರೀಲಿ ಅಂತ. ನಾನೂ ಹಂಗ ಅಂತಿದ್ದೆ. ಆದರ ನೀರಿನ ಬಗ್ಗೆ ನಾವು ಎಷ್ಟು ವರ್ಷ ಮಾತಾಡೀವಿ, ನಳದ ಮುಂದ ನಿಂತು ಎಷ್ಟು ಜಗಳಾ ತಗದೀವಿ. ಅಂಗಳದಾಗ ತಂದಷ್ಟ ಮಳಿ ಬೀಳ್ತದ, ಬಾಜೂ ಮನಿಯಾಕಿ ಕಂಪೌಂಡ್ ಮ್ಯಾಲಿಂದ ಕೈ ಚಾಚಿ ನಿಲ್ತಾಳ ಅಂತ ಅಕಿ ಬರದ ದಿವಸ, ನಾ ನಮ್ಮ ಹೌದಿನ ಮುಚ್ಚಳದ ಕೀಲಿ ತಗದು ಹಿಂದಿನ ಮನಿ ವೈನಿಗೆ ನಾಲ್ಕು ಕೊಡ ಕೊಟ್ಟು ಬಂದೆ. ಅವರಿಗೆ ಯಾಕ ಅಂತ ಇವತ್ತಿಗೂ ಗೊತ್ತಿಲ್ಲ. ವೈನಿ, ಈಗ ಓದಿದ್ರೆಲಾ.

ಹದಿನೈದು ದಿವಸ ಆತು, ಎರಡರಿಂದ ನಾಲ್ಕು ಅಡಗಿ ಮನಿ, ಬಾಗಲಾ, ಫೋನು, ಗ್ಯಾಸಿನವ ಎಲ್ಲಾ ನನ್ನ ಪಾಲಿಗೆ. ಮಗಗೂ ಹೇಳೇನಿ, ಆ ಹೊತ್ತಿನಾಗ ಆಫೀಸಿನಿಂದ ಫೋನ್ ಮಾಡಿ 'ನನ್ನ ನೀಲಿ ಶರ್ಟ್ ಎಲ್ಲೆದ' ಅಂತ ಕೇಳಬ್ಯಾಡ ಅಂತ. ಸಂಜಿ ಭಕ್ರಿನೂ ವಾರದಾಗ ಮೂರು ದಿವಸ ನಾನ ಬಡೀತೇನಿ. ಮಣಕಾಲು ನೋಯ್ತದ, ಸ್ಟೂಲ್ ಹಾಕ್ಕೊಂಡು ಕೂತು ಬಡೀತೇನಿ. ಅರಿಶಿಣ-ಕುಂಕುಮಕ್ಕ ಬಂದ ಕಾಕುಗೂ ಫೋನ್ ಮಾಡಿ, ಅವತ್ತ ನಾ ತಪ್ಪ ಹೇಳಿದ್ದೆ, ಸೊಸಿ ಕಾದಂಬರಿ ಬರೀತಾಳ ಅಂದೆ. ಅವರು 'ಹೌದಾ, ಒಂದು ಕಾಪಿ ಕಳಸರಿ' ಅಂದ್ರು. ಅರವತ್ತು ರೂಪಾಯಿ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ರು, ಆಮ್ಯಾಲೆ 'ನಮ್ಮ ಮಗಳಿಗೆ ಹೇಳ್ತೇನಿ, ಅಕಿಗೆ ಆ ಫೋನ್‌ಪೇ ಬರ್ತದ' ಅಂದ್ರು.

ಸೊಸಿಗೆ ತಪ್ಪಾತು ಅಂತ ಬಾಯಿ ಬಿಟ್ಟು ಹೇಳಲಿಕ್ಕೆ ನಂಗ ಇನ್ನೂ ಆಗಿಲ್ಲ. ಇದನ್ನ ಅಕಿನೂ ಓದ್ತಾಳ ಅಂತ ಗೊತ್ತಿದ್ದ ಬರದೇನಿ.

ಮೊದಲ ವಾರ ಅಕಿ ಆ ಎರಡು ತಾಸು ಮಲಗಿದ್ಲು. ನಾ ಏನೂ ಅನ್ನಲಿಲ್ಲ. ಎರಡನೇ ವಾರ ಕಿಟಕಿ ಕಡೆ ಮಾರಿ ಮಾಡಿ ಕೂತಿದ್ಲು, ಕೈಯಾಗ ಫೋನ್ ಇತ್ತು, ಬರೀಲಿಕತ್ತಿದ್ಲೋ ನೋಡ್ಲಿಕತ್ತಿದ್ಲೋ ಗೊತ್ತಾಗಲಿಲ್ಲ. ನಿನ್ನೆ ಮೂರಕ್ಕ ಚಹಾ ಮಾಡಿ ಬಾಗಲದಾಗ ಇಟ್ಟು ಬರೋ ಮುಂದ ಒಳಗಿಂದ ಕೇಳಿದ್ಲು, 'ಅತ್ಯಾ, ಹಳೇ ಟ್ರಂಕಿಗೆ ತುಕ್ಕು ಹತ್ತಿದರ ಮೊದಲು ತೂತು ಬೀಳೋದು ಮೂಲಿಗೋ, ನಟ್ಟ ನಡುವನೋ?'

ಮೂಲಿಗೆ ಅಂದೆ. ಅಟ್ಟದ ಮ್ಯಾಲೆ ನಮ್ಮವ್ವನ ಟ್ರಂಕ್ ಅದ, ನಾಳೆ ಇಳಿಸಿ ನೋಡಿ ಖಾತ್ರಿ ಮಾಡ್ತೇನಿ ಅಂತನೂ ಹೇಳೇನಿ.